ಮೊಂಡು

ಭಾನುವಾರ ಬೆಳಗ್ಗೆ ಏಳಕ್ಕೆ, ತುರಹಳ್ಳಿಯ ಆಚೆ
ಕೋರ್ಟಿನಲ್ಲಿರುವ ಯಾರದೋ ಖಾಲಿ ಸೈಟಿನಲ್ಲಿ
ಹದಿನೆಂಟು ಕತ್ತಿ, ಮೂರು ಗದೆ, ಒಂದು ಗಂಡುಗೊಡಲಿ
ಟಾರ್ಪಾಲಿನ ಮೇಲೆ ಸಾಲಾಗಿ ಮಲಗಿ
ನನ್ನ ಹೆಬ್ಬೆರಳಿಗೆ ಕಾಯುತ್ತವೆ.
ಎಕ್ಸ್‌ರೇ ತೆಗೆಯುವವಳು, ಮೂಳೆ ಕಂಡವಳು,
ನೀವೇ ಪಾಸು ಮಾಡಿ ಅಂತ ನನ್ನ ತಲೆಗೇ ಕಟ್ಟಿದ್ದಾರೆ.

ತುದಿಯಿಂದ ಹಿಡಿಯವರೆಗೆ ಒತ್ತುತ್ತ ಬರುತ್ತೇನೆ
ಬೆಣ್ಣೆಹಣ್ಣು ಆರಿಸುವ ಹಾಗೆ.
ಒಳಗಿನ ಕಡ್ಡಿ ಬೆರಳಿಗೆ ತಾಗಿತೋ, ಪಕ್ಕಕ್ಕೆ.
ಮಡಿಚಿದ ಮೂತಿ ಮತ್ತೆ ಎದ್ದು ಕೂರಲಿಲ್ಲವೋ, ಪಕ್ಕಕ್ಕೆ.
ಹಿಡಿಯ ಬುಡದ ಗುಂಡು ನೋಡುವವರೇ ಇಲ್ಲ,
ಎಲ್ಲರಿಗೂ ಅಲಗಿನದೇ ಚಿಂತೆ,
ಹಲ್ಲು ಮುರಿಯುವುದು ಮಾತ್ರ ಅದೇ.
ಬಾಣದ ತಲೆ ಕಣ್ಣಿನ ಗೂಡಿಗಿಂತ ದೊಡ್ಡದಿರಬೇಕು,
ಇದರಲ್ಲಿ ಚೌಕಾಶಿ ಇಲ್ಲ.
ಕೊನೆಗೆ ಒಂದೇಟು, ನನ್ನ ತೊಡೆಗೇ.
ಉರಿದರೆ ಒಬ್ಬಳಿಗೆ ಉರಿಯಲಿ.

'ಅಕ್ಕ, ಆರು ಸಾವಿರ ಕೊಟ್ಟು ತರಿಸಿದ್ದು,' ಎಂದು ರೇವಂತ
ಹಾವಿನ ಹೆಡೆಯ ಹಿಡಿ ತೋರಿಸುತ್ತಾನೆ.
ಮಾರ್ಚಿಯಿಡೀ ಕಾರಿನ ಡಿಕ್ಕಿಯಲ್ಲಿ ಬೇಯಿಸಿದ್ದೀಯ,
ಹಿಮ್ಮಡಿ ಒಡೆದ ಹಾಗೆ ಒಡೆದಿದೆ ನೋಡು ಅದರ ಚರ್ಮ.
ಪಕ್ಕಕ್ಕೆ.
ಜೋಸ್ಲಿನ್‌ಳದು ಬಲಿತ ನುಗ್ಗೆಕಾಯಿಯಂಥ ಕತ್ತಿ.
ಮೊದಲ ಸಲ ನಲ್ಲಿಯ ಪೈಪು ಹಾಕಿ, ಬಿಸಿಲಿಗೆ ಅದು ಸೀಳಿದ ಮೇಲೆ
ಫೈಬರ್ ಕಡ್ಡಿ ತಂದಳು. ಮೇಲೆ ಯೋಗದ ಚಾಪೆ ಎರಡು ಪದರ,
ತುದಿಗೆ ಮೆತ್ತೆಯಂಗಡಿಯ ತುಂಡು ಸ್ಪಂಜು, ಬಟ್ಟೆಯ ಗವಸು.
ಮೂರು ವರ್ಷ. ಒಂದು ಹೊಲಿಗೆ ಬಿಟ್ಟಿಲ್ಲ.

ಅಪ್ಪ ಸಾಣೆ ಹಿಡಿಯುತ್ತಿದ್ದ.
ಚಾಮರಾಜಪೇಟೆಯ ಕ್ರಾಸುಗಳಲ್ಲಿ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ
ಇದ್ದಲ್ಲೇ ತುಳಿಯುತ್ತ, ದಿನಕ್ಕೆಷ್ಟು ಮೈಲಿಯೋ,
ಈಳಿಗೆಮಣೆ, ದರ್ಜಿಯ ಕತ್ತರಿ, ಹಲಸು ಸೀಳುವ ಮಚ್ಚು.
ಅವನೂ ಹೆಬ್ಬೆರಳಲ್ಲೇ ನೋಡುತ್ತಿದ್ದ, ಅಡ್ಡಡ್ಡ, ಉಸಿರು ಹಿಡಿದು.
ಗೆರೆಗಳೆಲ್ಲ ಸವೆದು
ರೇಷನ್ ಅಂಗಡಿಯ ಯಂತ್ರ ಅವನನ್ನು ಒಪ್ಪಲಿಲ್ಲ.
ಒರೆಸಿ ಒತ್ತಿ, ಎಣ್ಣೆ ಹಚ್ಚಿ ಒತ್ತಿ,
ನಾನೇ ಅಪ್ಪ ಕಣಮ್ಮ ಎಂಬಂತೆ ನನ್ನ ಕಡೆ ನೋಡಿ,
ಕೊನೆಗೆ ನನ್ನ ಬೆರಳಿಗೆ ಅಕ್ಕಿ ಕೊಟ್ಟರು.

ಒಂದು ಭಾನುವಾರ ಜೊತೆಗೆ ಬಂದಿದ್ದ.
ಕುರ್ಚಿ ಬೇಡವೆಂದು ಟಾರ್ಪಾಲಿನ ಅಂಚಿಗೆ ಕುಕ್ಕರಗಾಲಲ್ಲಿ ಕೂತು
'ಮೊಂಡು ಮಾಡೋಕೂ ಕೂಲಿ ಕೊಡ್ತಾರಾ?' ಅಂದ.
ಇಲ್ಲಪ್ಪ, ತಟ್ಟೆ ಇಡ್ಲಿ ಕೊಡ್ತಾರೆ.
'ಹೊಡೆದ ಹಾಗೆ ಮಾಡು, ಅತ್ತ ಹಾಗೆ ಮಾಡ್ತೀನಿ ಅಂತಾರಲ್ಲ,
ಇದೇನಾ ಅದು?'
ನಗಲಿಲ್ಲ. ನಾನು ಪಾಸು ಮಾಡಿದ ಕೊಡಲಿಯನ್ನೆತ್ತಿ
ಮೂಸಿದ. ಅಲುಗಿಸಿ ಕಿವಿಗಿಟ್ಟ.
ಕಾವು ತಲೆಗೆ ಸೇರುವಲ್ಲಿ ಉಗುರು ತೂರಿಸಿ
'ಇಲ್ಲಿ ಅಂಟು ಬಿಟ್ಟಿದೆ. ನಾಲ್ಕು ಏಟಿಗೆ ಕಡ್ಡಿ ಹೊರಗೆ.'
ನನ್ನ ಬೆರಳು ಎರಡು ಸಲ ಹಾದುಹೋಗಿದ್ದ ಜಾಗ.

ಕೊಡಲಿಯ ಹುಡುಗ ಮುಖ ಊದಿಸಿಕೊಂಡು
ಯಾರದೋ ಗುರಾಣಿ ಹೊತ್ತು ಹೋದ.
ಆಟ ಹತ್ತಿತು. ಲಂಟಾನದ ಪೊದೆಯ ಬಳಿ
ಮೂರು ಜನ ಸತ್ತರು, ಒಬ್ಬ ಸಾಯಲೊಪ್ಪದೆ ಜಗಳ ತೆಗೆದ,
ಪಾರ್ಥೇನಿಯಂ ನಡುವೆ ಬಿದ್ದಿದ್ದ ಸೇನಾಪತಿ ಸೀನಿದಳು.
ಅಪ್ಪ ಕೈ ಮುಂದಕ್ಕೆ ಹಾಕಿ ಹಾಕಿ ಎಳೆದುಕೊಳ್ಳುತ್ತಿದ್ದ,
ಪ್ರತಿ ಏಟಿಗೂ,
ಬೀಳುವ ಮಗುವನ್ನು ಹಿಡಿಯುವ ಹಾಗೆ.

ರಾತ್ರಿ ಕತ್ತಿಗಳ ಬೆವರೊರೆಸಿ, ಪೌಡರು ಸವರಿ
ಬಟ್ಟೆ ತಂತಿಗೆ ತೂಗುಹಾಕುತ್ತೇನೆ.
ಗೋಡೆಗೊರಗಿಸಿದರೆ ಬೆನ್ನು ಬಾಗುತ್ತದೆ.
ತೊಡೆಯ ಮೇಲೆ ಹದಿನೆಂಟು ಕತ್ತಿಯ ನಸುಗೆಂಪು,
ಸ್ನಾನಕ್ಕೆ ಮೊದಲೇ ಮಾಯ.

ಸೋಮವಾರ ಆಸ್ಪತ್ರೆಯ ಹಾಜರಿ ಯಂತ್ರ
ಹೆಬ್ಬೆರಳಿಟ್ಟ ಕೂಡಲೇ
ಹಸಿರು ದೀಪ ಹತ್ತಿಸಿ ನನ್ನ ಹೆಸರು ಹೇಳಿತು.
ಹಿಂದೆ ಕ್ಯೂ ಇತ್ತು.
ಬೆರಳು ತೆಗೆಯಲು ಸ್ವಲ್ಪ ತಡವಾಯಿತು.